ಕೆಂಪು ಹೆಬ್ಬೆಟ್ಟಿನ ತೊಟ್ಟಿಲು

ಒಂದು ಕಾಡಿನಲ್ಲಿ, ಹಳ್ಳದ ದಂಡೆಯ ಅತ್ತಿ ಮರದ ಮೇಲೆ, ಸಿಂಪಿಗ ಹಕ್ಕಿಯೊಂದು ಎಲೆ ಹೊಲಿದು ಬದುಕುತ್ತಿತ್ತು. ಸಿಂಪಿಗ ಅಂದರೆ ಹಿಡಿಯೊಳಗೆ ಅಡಗುವಷ್ಟು ಪುಟ್ಟ ಹಕ್ಕಿ. ಕೊಕ್ಕೇ ಅದಕ್ಕೆ ಸೂಜಿ, ಹತ್ತಿಯ ಎಳೆಯೇ ದಾರ. ಆ ಮರದವರೆಲ್ಲ ಇವಳನ್ನು ಸೂಜವ್ವ ಅಂತ ಕರೆಯುತ್ತಿದ್ದರು. ಮೊದಲೇ ಹೇಳಿಬಿಡುತ್ತೇನೆ ಮಕ್ಕಳೇ, ಇದು ನಗಿಸುವ ಕಥೆ ಅಲ್ಲ. ನಗಬೇಕು ಅನ್ನುವವರು ಈಗಲೇ ಎದ್ದು ಆಟಕ್ಕೆ ಹೋಗಬಹುದು.

ಸೂಜವ್ವ ಹೊಲಿಯುತ್ತಿದ್ದುದು ತೊಟ್ಟಿಲು. ಒಂದು ಅಗಲವಾದ ಎಲೆಯನ್ನು ಬಗ್ಗಿಸಿ, ಎರಡೂ ಅಂಚು ಸೇರಿಸಿ ಹೊಲಿದು, ಒಳಗೆ ಮೆತ್ತಗೆ ಹತ್ತಿ ಹಾಸುತ್ತಿದ್ದಳು. ಗೂಡು ಕಟ್ಟಲು ಬಾರದ, ಕಟ್ಟಲು ಪುರುಸೊತ್ತಿಲ್ಲದ ಸಣ್ಣ ಹಕ್ಕಿಗಳೆಲ್ಲ ಅವಳ ಹತ್ತಿರ ಬರುತ್ತಿದ್ದವು. ಕೂಲಿ ಅಂತ ಒಂದಿಷ್ಟು ಹತ್ತಿ, ಜೇಡರ ಬಲೆಯ ನೂಲು, ಇಲ್ಲವೇ ಹುಳಹುಪ್ಪಟೆ ತಂದುಕೊಡುತ್ತಿದ್ದವು. ಅವಳ ಹೊಟ್ಟೆಗೆ ಅಷ್ಟು ಸಾಕಾಗಿತ್ತು.

ಈ ಕೆಲಸ ಕಲಿಸಿದ್ದು ಅವಳ ಅವ್ವ. ಅವ್ವ ತೀರಿಹೋಗಿ ಬಹಳ ದಿನವಾಗಿತ್ತು, ಅವಳ ಕಟ್ಟುಪಾಡು ಮಾತ್ರ ಉಳಿದಿತ್ತು. ಎಲೆಯನ್ನು ಮರದಿಂದ ಕೀಳಕೂಡದು, ತೊಟ್ಟಿನಲ್ಲಿ ಹಸಿರಾಗಿ ಇರುವಾಗಲೇ ಹೊಲಿಯಬೇಕು. ಹೊಲಿಯುವ ಮೊದಲು ಎಲೆಗೆ ಒಂದೇ ಒಂದು ತೂತು ಮಾಡಿ ಒಂದು ದಿನ ಕಾಯಬೇಕು. ತೂತಿನ ಸುತ್ತ ಹಳದಿ ಬಂದರೆ ಆ ಎಲೆ ತಾಳುವುದಿಲ್ಲ, ಬಿಟ್ಟುಬಿಡಬೇಕು. ಹಸಿರಾಗೇ ಉಳಿದರೆ ಹೊಲಿಗೆ ಶುರು. ಹಾಗೆ ಕಾಯುವ ಹೊತ್ತಿನಲ್ಲಿ ಸೂಜವ್ವ ಗಿರಾಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳುತ್ತಿದ್ದಳು. "ಎಷ್ಟು ಮೊಟ್ಟೆ ಇಡ್ತೀಯಮ್ಮ? ಯಾವ ಕಡೆ ಗಾಳಿ ಬಂದರೆ ನಿನಗೆ ಭಯ?"

ತೊಟ್ಟಿಲು ನೋಡಿದವರೆಲ್ಲ ಒಂದೇ ಮಾತು ಹೇಳುತ್ತಿದ್ದರು. "ಥೇಟ್ ನಿಮ್ಮವ್ವನ ಕೈ ಕಣೇ." ಅವರು ಹೊಗಳಿಕೆಗೇ ಹೇಳುತ್ತಿದ್ದರು. ಸೂಜವ್ವನಿಗೆ ಮಾತ್ರ ಅದು ಮುರಿದ ಮುಳ್ಳಿನ ಹಾಗೆ ಒಳಗೇ ಉಳಿಯುತ್ತಿತ್ತು. ಇಷ್ಟು ವರ್ಷ ಹೊಲಿದೆ, ಇದರಲ್ಲಿ ನನ್ನದು ಅಂತ ಏನಿದೆ ಅಂತ ಒಬ್ಬಳೇ ಕೂತು ಯೋಚಿಸುತ್ತಿದ್ದಳು.

ಅದೇ ಕಾಡಿನಲ್ಲಿ ಕೆಂಚಣ್ಣ ಅಂತ ಒಂದು ಮಂಗ ಇತ್ತು. ದುಡಿದು ತಿಂದ ಜೀವ ಅಲ್ಲ. ಯಾರ ಮನಸ್ಸು ಎಲ್ಲಿ ನೋಯುತ್ತದೆ ಅಂತ ಕಂಡುಹಿಡಿಯುವುದರಲ್ಲಿ ಮಾತ್ರ ಬಲು ಗಟ್ಟಿಗ. ಒಂದು ಬೆಳಿಗ್ಗೆ ಬಂದು ಸೂಜವ್ವನ ಪಕ್ಕದ ಕೊಂಬೆಯಲ್ಲಿ ಕೂತ.

"ತಂಗಿ, ಹೀಗೆ ಒಂದೊಂದೇ ತೊಟ್ಟಿಲು ಹೊಲಿದರೆ ಎಲ್ಲಿಗೆ ಮುಟ್ತೀಯ? ಈ ಮರದವರನ್ನು ಬಿಟ್ಟರೆ, ಆ ಗುಡ್ಡದ ಆಚೆ ನಿನ್ನ ಹೆಸರು ಯಾರಿಗೆ ಗೊತ್ತು?"

"ಎಲೆ ಮರದಲ್ಲಿದೆ ಅಣ್ಣ. ಮರ ಎದ್ದು ಗುಡ್ಡ ಹತ್ತುತ್ತದೆಯೇ?"

"ಮರ ಹತ್ತಲ್ಲ, ಎಲೆ ಹತ್ತುತ್ತದೆ. ನಾನು ಕಿತ್ತು ತರ್ತೀನಿ, ನೀನು ಹೊಲಿ. ಬಳ್ಳಿಯಲ್ಲಿ ಕಟ್ಟಿ ಬೇಕಾದ ಕಡೆ ತೂಗುಹಾಕಿದರಾಯಿತು."

"ಕಿತ್ತ ಎಲೆ ಒಣಗುತ್ತದೆ. ಅವ್ವ ಬೇಡ ಅಂದಿದ್ದಳು."

"ಊರಲ್ಲಿ ಮನುಷ್ಯರು ಒಣಗಿದ ಮುತ್ತುಗದ ಎಲೆ ಹೊಲಿದು, ಅದರ ಮೇಲೆ ಬಿಸಿ ಅನ್ನ, ಸಾರು ಹಾಕಿಕೊಂಡು ಉಣ್ತಾರೆ. ಒಂದು ಹನಿ ಕೆಳಗೆ ಸೋರಲ್ಲ. ನಾನು ಕಣ್ಣಾರೆ ನೋಡಿದ್ದೀನಿ." ಕೆಂಚಣ್ಣ ಸ್ವಲ್ಪ ಹತ್ತಿರ ಸರಿದ. "ಎಲ್ಲರೂ ನಿಮ್ಮವ್ವನ ಕೈ ಅಂತಾರೆ. ನಿನ್ನ ಕೈ ಅಂತ ಅನ್ನೋದು ಯಾವಾಗ ತಂಗಿ?"

ಮಾರನೇ ದಿನ ಮಂಗ ಒಂದು ಹೊರೆ ಎಲೆ ಕಿತ್ತು ತಂದು ಹಾಕಿದಾಗ ಸೂಜವ್ವ ಬೇಡ ಅನ್ನದೆ ಹೊಲಿಯಲು ಕೂತಳು.

ಚಳಿಗಾಲ ಆಗಷ್ಟೇ ಶುರುವಾಗಿತ್ತು. ಇಬ್ಬನಿಗೆ ಕಿತ್ತ ಎಲೆಯೂ ಬಹಳ ದಿನ ಮೆತ್ತಗಿತ್ತು. ಮರಿಗಳು ಬೆಳೆದು ಹಾರಿದವು, ಯಾರೂ ದೂರು ತರಲಿಲ್ಲ. ಅಯ್ಯೋ, ಅವ್ವ ಸುಮ್ಮನೆ ಹೆದರಿಸಿದಳು ಅಂದುಕೊಂಡಳು ಸೂಜವ್ವ. ತೂತು ಮಾಡಿ ಕಾಯುವುದನ್ನು ಬಿಟ್ಟಳು. ಯಾರಿಗೆ, ಎಷ್ಟು ಮೊಟ್ಟೆಗೆ ಅಂತ ಕೇಳುವುದನ್ನೂ ಬಿಟ್ಟಳು. ಕೇಳೋಣ ಅಂದರೆ ಗಿರಾಕಿ ಎದುರಿಗೆ ಇದ್ದರೆ ತಾನೇ? ಎಲ್ಲರೂ ಗುಡ್ಡದ ಆಚೆ ಇದ್ದರು, ಹೊಲಿದದ್ದನ್ನು ಕೆಂಚಣ್ಣನೇ ಹೊತ್ತೊಯ್ದು ಕೊಡುತ್ತಿದ್ದ. ಅವಳಿಗೆ ಕಾಣುತ್ತಿದ್ದುದು ಎಲೆಯ ಹೊರೆ ಒಂದೇ.

ಕೆಂಚಣ್ಣ ದಿನಕ್ಕೊಂದು ಬೇಡಿಕೆ ತರುತ್ತಿದ್ದ. "ಗೀಜಗನ ಗೂಡಿನ ಹಾಗೆ ಉದ್ದ ಕತ್ತು ಇರಲಿ." ಅವಳು ಹಾಗೇ ಹೊಲಿದಳು. "ಈಗ ಮಡಕೆ ಹಾಗೆ ಗುಂಡಗೆ ಬೇಕಂತೆ." ಹಾಗೂ ಹೊಲಿದಳು. ಹೊಲಿದ ಪ್ರತಿ ತೊಟ್ಟಿಲಿಗೂ ಅವನು ಪಾಪಸುಕಳ್ಳಿ ಹಣ್ಣಿನ ಕೆಂಪು ರಸದಲ್ಲಿ ಹೆಬ್ಬೆಟ್ಟು ಅದ್ದಿ ಒಂದು ಗುರುತು ಒತ್ತುತ್ತಿದ್ದ.

"ಇದೇನಣ್ಣ?" ಅಂದಳು ಸೂಜವ್ವ.

"ನಮ್ಮ ಗುರುತು ತಂಗಿ. ನಮ್ಮ ಮಾಲು ಅಂತ ನಾಲ್ಕು ಜನಕ್ಕೆ ಗೊತ್ತಾಗಬೇಡವೇ?"

ಇವಳ ಮುಂದೆ 'ನಮ್ಮ' ಅನ್ನುತ್ತಿದ್ದ. ಗುಡ್ಡದ ಆಚೆ ಹೋದರೆ, ಒಂದೊಂದು ಹೊಲಿಗೆಯನ್ನೂ ನಾನೇ ಹಾಕಿದ್ದು ಅಂತ ಎದೆ ತಟ್ಟಿಕೊಳ್ಳುತ್ತಿದ್ದ. ಬದಲಿಗೆ ಬರುವ ಹಣ್ಣು, ಕಾಯಿ ಎಲ್ಲ ಅವನ ಹೊಟ್ಟೆಗೆ. ಇವಳಿಗೆ ಹತ್ತಿ ಮತ್ತು ಒಂದಷ್ಟು ಹುಳ.

ಒಂದು ದಿನ ಬೂರುಗದ ಹತ್ತಿ ತರಲು ಸೂಜವ್ವ ಗುಡ್ಡದ ಆಚೆಗೆ ಹೋದಳು. ಅಲ್ಲೊಂದು ಹೊಂಗೆ ಮರದಲ್ಲಿ ತೊಟ್ಟಿಲು ತೂಗುತ್ತಿತ್ತು. ಯಾರ ಕೈಯೋ ಏನೋ, ಬಹಳ ಅವಸರದ ಹೊಲಿಗೆ ಅಂದುಕೊಂಡಳು. ಹತ್ತಿರ ಹೋಗಿ ನೋಡಿದರೆ ಕೆಂಪು ಹೆಬ್ಬೆಟ್ಟು, ತನ್ನದೇ ತೊಟ್ಟಿಲು. ತನ್ನ ಕೆಲಸ ತನಗೇ ಗುರುತು ಸಿಕ್ಕಿರಲಿಲ್ಲ. ಒಳಗಿದ್ದ ಹಕ್ಕಿ ಕತ್ತು ಹೊರಗೆ ಹಾಕಿ, "ಚೆನ್ನಾಗಿದೆ ಅಲ್ವೇ? ಕೆಂಚಣ್ಣ ಹೊಲಿದದ್ದು" ಅಂದಿತು.

ಸೂಜವ್ವ ಬಂದು ಮಂಗನನ್ನು ಕೇಳಿದಳು. ಅವನು ಹಣ್ಣು ಸುಲಿಯುತ್ತಲೇ ಹೇಳಿದ, "ವ್ಯಾಪಾರಕ್ಕೆ ಒಂದು ಮುಖ ಬೇಕು ತಂಗಿ. ನೀನು ಒಳಗಿರು, ನಾನು ಹೊರಗೆ ನೋಡ್ಕೋತೀನಿ. ಬೇಡ ಅಂದರೆ ಹೇಳು, ನಾಳೆಯಿಂದ ಎಲೆ ತರಲ್ಲ."

ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಹತ್ತಾರು ಹಕ್ಕಿಗಳು ಕಾಯುತ್ತಿವೆ, ಕೈಬಿಟ್ಟರೆ ಇಷ್ಟೂ ಕೈತಪ್ಪಿ ಹೋಗುತ್ತದೆ ಅಂತ ಅವಳಿಗೆ ಹೆದರಿಕೆ. ಬೆಳೆದದ್ದನ್ನು ಬಿಡುವುದು ಎಷ್ಟು ಕಷ್ಟ ಅಂತ ಬೆಳೆಸಿದವರಿಗೇ ಗೊತ್ತು, ನಾವು ಸುಮ್ಮನೆ ಬೈಯುವುದು ಬೇಡ.

ಬೇಸಿಗೆ ಬಂತು. ಹೊನ್ನಿ ಅನ್ನುವ, ಹೂವಿನ ಜೇನು ಹೀರುವ ಪುಟ್ಟ ಸೂರಕ್ಕಿ ಸೂಜವ್ವನ ಹತ್ತಿರ ಬಂದಳು. ಅದೇ ಅತ್ತಿ ಮರದವಳು, ಹಳೆಯ ಗೆಳತಿ. "ನನಗೆ ಮೊದಲಿನ ಥರ ಮರದಲ್ಲಿರುವ ಎಲೆಯಲ್ಲೇ ಹೊಲಿದು ಕೊಡು ಸೂಜವ್ವ" ಅಂದಳು.

"ತೂತು ಮಾಡಿ ಕಾಯೋದಕ್ಕೆ ಎಲ್ಲಿದೆ ಹೊತ್ತು? ಕೆಲಸ ಮೈಮೇಲೆ ಬಿದ್ದಿದೆ. ಇಗೋ, ಹೊಲಿದು ಇಟ್ಟದ್ದೇ ಇದೆ, ತಗೋ."

ಹೊನ್ನಿ ಅದನ್ನೇ ತಗೊಂಡು ಮೇಲಿನ ಕೊಂಬೆಗೆ ಕಟ್ಟಿಕೊಂಡಳು. ಅದರಲ್ಲಿ ಎರಡು ಮೊಟ್ಟೆ ಇಟ್ಟು ಎರಡು ಮರಿ ಮಾಡಿದಳು. ಅಷ್ಟರಲ್ಲಿ ಸೂಜವ್ವನಿಗೂ ಮೊಟ್ಟೆ ಇಡುವ ಕಾಲ ಬಂತು. ಕಾಡಿಗೆಲ್ಲ ತೊಟ್ಟಿಲು ಹೊಲಿದವಳಿಗೆ ತನಗೊಂದು ಹಸಿರು ಎಲೆ ಹುಡುಕಲು ಪುರುಸೊತ್ತಾಗಲಿಲ್ಲ. ಮೂಲೆಯಲ್ಲಿ ಉಳಿದಿದ್ದ ಒಂದು ತೊಟ್ಟಿಲನ್ನು ಕೊಂಬೆಗೆ ಕಟ್ಟಿ ಅದರಲ್ಲೇ ಮೂರು ಮೊಟ್ಟೆ ಇಟ್ಟಳು. ಅದರ ಮೇಲೂ ಕೆಂಪು ಹೆಬ್ಬೆಟ್ಟು ಇತ್ತು.

ಒಂದು ಮಧ್ಯಾಹ್ನ ಗುಡ್ಡದ ಕಡೆಯಿಂದ ಬಿಸಿ ಗಾಳಿ ಎದ್ದಿತು. ಜೋರು ಗಾಳಿಯೇನಲ್ಲ, ಬೇಸಿಗೆಯಲ್ಲಿ ದಿನಾ ಬೀಸುವ ಗಾಳಿ. ಆದರೆ ಎಲೆಗಳು ಹಪ್ಪಳದ ಹಾಗೆ ಒಣಗಿದ್ದವು. ಗಾಳಿಗೆ ಸೂಜವ್ವನ ತೊಟ್ಟಿಲು ಒಮ್ಮೆ ಓಲಾಡಿತು. ಹೊಲಿಗೆ ಬಿಚ್ಚಲಿಲ್ಲ, ಹೊಲಿಗೆಯ ಪಕ್ಕದ ಎಲೆಯೇ ಪಟಪಟ ಅಂತ ಸೀಳಿತು. ಸೂಜವ್ವ ಹತ್ತಿ ಬಾಯಲ್ಲಿ ಕಚ್ಚಿಕೊಂಡು ಬರುತ್ತಿದ್ದವಳು ಕಣ್ಣೆದುರೇ ನೋಡಿದಳು. ಮೂರು ಮೊಟ್ಟೆಗಳೂ ಹಳ್ಳದ ಕಲ್ಲಿನ ಮೇಲೆ ಬಿದ್ದವು. ಮೇಲಿನ ಕೊಂಬೆಯಿಂದ ಹೊನ್ನಿಯ ಎರಡು ಮರಿಗಳು ಬಿದ್ದವು. ಅವು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಆ ಮಧ್ಯಾಹ್ನ ಗುಡ್ಡದ ಎರಡೂ ಕಡೆ ಎಷ್ಟು ತೊಟ್ಟಿಲು ಸೀಳಿದವು ಅಂತ ನಾನು ಹೇಳುವುದಿಲ್ಲ, ನೀವೂ ಕೇಳಬೇಡಿ.

ಮಾರನೇ ಬೆಳಿಗ್ಗೆ ಹಕ್ಕಿಗಳೆಲ್ಲ ಅತ್ತಿ ಮರದಲ್ಲಿ ಸೇರಿದವು. ಒಂದೊಂದರ ಬಾಯಲ್ಲೂ ಹರಿದ ಎಲೆಯ ಚೂರು, ಅದರ ಮೇಲೆ ಕೆಂಪು ಗುರುತು. ಕೆಂಚಣ್ಣನನ್ನು ಕರೆಸಿದವು.

"ನಾನೇನು ಮಾಡಲಿ? ಹೊಲಿದದ್ದು ಇವಳು" ಅಂತ ಮಂಗ ಸೂಜವ್ವನ ಕಡೆ ಕೈ ತೋರಿಸಿದ.

"ಒಂದೊಂದು ಹೊಲಿಗೆಯೂ ನನ್ನದೇ ಅಂತ ನಿನ್ನ ಬಾಯಲ್ಲೇ ಹೇಳಿದ್ದೆಯಲ್ಲ" ಅಂದಿತು ಹೊಂಗೆ ಮರದ ಹಕ್ಕಿ. "ಈ ಹೆಬ್ಬೆಟ್ಟು ಯಾರದು? ಕೈ ಚಾಚು ನೋಡೋಣ."

ಮಂಗ ಕೈ ಹಿಂದಕ್ಕೆ ಎಳೆದುಕೊಂಡ. ಎಲ್ಲಿ ಬಚ್ಚಿಡುತ್ತಾನೆ? ಕಳ್ಳಿ ಹಣ್ಣಿನ ಬಣ್ಣ ಅದು, ತಿಂಗಳುಗಟ್ಟಲೆ ಅದ್ದಿ ಅದ್ದಿ ಚರ್ಮಕ್ಕೇ ಇಳಿದಿತ್ತು. ಹೆಸರು ಬೇಕಾದಾಗ ಒತ್ತಿದ ಗುರುತು ಈಗ ಅವನ ಕೊರಳಿಗೇ ಬಂತು.

ಹೊನ್ನಿ ಸೂಜವ್ವನ ಕಡೆ ತಿರುಗಿದಳು. "ನನಗೆ ಗೊತ್ತಿರೋದು ಹಾಗಿರಲಿ, ಎಲ್ಲರ ಎದುರು ನೀನೇ ಹೇಳು. ಅವನು ಹೇಳ್ತಿರೋದು ನಿಜವೇ?"

ಇಲ್ಲ ಅಂದಿದ್ದರೆ ಅಲ್ಲಿದ್ದ ಬಹಳ ಹಕ್ಕಿಗಳು ನಂಬುತ್ತಿದ್ದವು. ಗುಡ್ಡದ ಆಚೆಯವರಿಗೆ ಅವಳ ಹೆಸರೇ ಗೊತ್ತಿರಲಿಲ್ಲ, ಎಲ್ಲ ಪಾಪವೂ ಮಂಗನ ತಲೆಗೆ ಹೋಗುತ್ತಿತ್ತು. ಸೂಜವ್ವ ಕಲ್ಲಿನ ಕಡೆ ನೋಡಿದಳು. ಕಲ್ಲಿನ ಮೇಲಿನ ಕಲೆ ಇನ್ನೂ ಮಾಸಿರಲಿಲ್ಲ.

"ಹೊಲಿದವಳು ನಾನೇ" ಅಂದಳು. "ಎಲೆ ಒಣಗುತ್ತದೆ ಅಂತ ನನಗೆ ಗೊತ್ತಿತ್ತು. ಊಟದ ಎಲೆ ಒಂದು ಊಟಕ್ಕೆ ತಾಳಿದರೆ ಸಾಕು. ತೊಟ್ಟಿಲು ಮಕ್ಕಳು ಹಾರುವ ತನಕ ತಾಳಬೇಕು. ಗೊತ್ತಿದ್ದೂ ಹೊಲಿದೆ."

ಹಕ್ಕಿಗಳು ಹರಿದ ಚೂರುಗಳನ್ನು ಅವಳ ಮುಂದೆ ಹಾಕಿದವು. ಬೈದಿದ್ದರೂ ವಾಸಿಯಿತ್ತು ಅನ್ನಿಸಿತು ಅವಳಿಗೆ. ಆಮೇಲೆ ಕಾಗೆಗಳು, ಕಾಜಾಣಗಳು ಒಟ್ಟಾಗಿ ಮಂಗನನ್ನು ಕುಕ್ಕಿ ಕುಕ್ಕಿ ಕಾಡಿನಿಂದ ಆಚೆ ಓಡಿಸಿದವು. ಪಕ್ಕದ ಕಾಡಿಗೂ ಸುದ್ದಿ ಮುಟ್ಟಿತ್ತು. ಯಾವ ಮರ ಹತ್ತಿದರೂ ಅಲ್ಲಿನ ಹಕ್ಕಿಗಳು ಮೊದಲು ಅವನ ಹೆಬ್ಬೆಟ್ಟು ನೋಡುತ್ತಿದ್ದವು, ನೋಡಿ ಓಡಿಸುತ್ತಿದ್ದವು. ತಿಕ್ಕಿ ತಿಕ್ಕಿ ಚರ್ಮ ಸುಲಿದರೂ ಬಣ್ಣ ಹೋಗಲಿಲ್ಲವಂತೆ.

ಸೂಜವ್ವನನ್ನು ಯಾರೂ ಓಡಿಸಲಿಲ್ಲ. ಅವಳ ಹತ್ತಿರ ಯಾರೂ ಬರಲೂ ಇಲ್ಲ. ಹೊನ್ನಿ ಅದೇ ಮರದಲ್ಲಿದ್ದರೂ ಕಣ್ಣೆತ್ತಿ ನೋಡುತ್ತಿರಲಿಲ್ಲ.

ಮಳೆ ಬಂತು. ಅತ್ತಿ ಮರ ಚಿಗುರಿತು. ಕೆಲಸವಿಲ್ಲದೆ ಕೂತ ಸೂಜವ್ವ ಒಂದು ದಿನ ಎಲೆಯೊಂದಕ್ಕೆ ತೂತು ಮಾಡಿ ಕಾದಳು. ಹಳದಿ ಬಂತು. ಬಿಟ್ಟಳು. ಇನ್ನೊಂದಕ್ಕೆ ಮಾಡಿದಳು. ಅದು ಹಸಿರಾಗೇ ಉಳಿಯಿತು. ಯಾರೂ ಕೇಳದಿದ್ದರೂ ಹೊಲಿದಳು. ಮುಗಿದ ಮೇಲೂ ಅವಳಿಗೆ ಸಮಾಧಾನ ಆಗಲಿಲ್ಲ. ಕಣ್ಣು ಮುಚ್ಚಿದರೆ ಆ ಮೊಟ್ಟೆಗಳು ಬೀಳುವುದೇ ಕಾಣುತ್ತಿತ್ತು. ತೊಟ್ಟಿಲಿನ ಕೆಳಗಿದ್ದ ಇನ್ನೊಂದು ಎಲೆಯನ್ನು ಮೆಲ್ಲಗೆ ಮೇಲಕ್ಕೆ ಬಗ್ಗಿಸಿ, ಅಡಿಯಲ್ಲಿ ಒಡ್ಡಿದ ಅಂಗೈಯ ಹಾಗೆ ಸೇರಿಸಿ ಹೊಲಿದಳು. ಅವ್ವ ಹೀಗೆ ಹೊಲಿದಿರಲಿಲ್ಲ. ಗೀಜಗನ ಗೂಡಿನಲ್ಲೂ ಇಂಥದ್ದು ಇರಲಿಲ್ಲ.

ಬಹಳ ದಿನವಾದ ಮೇಲೆ ಹೊನ್ನಿ ಬಂದು ಆ ಕೊಂಬೆಯಲ್ಲಿ ಕೂತಳು.

"ಈ ಕೆಳಗಿನ ಎಲೆ ಯಾಕೆ?"

"ಮೇಲಿನದು ಹರಿದರೂ ಬೀಳಬಾರದು ಅಂತ."

ಹೊನ್ನಿ ಆ ಎಲೆಯನ್ನು ಕೊಕ್ಕಿನಿಂದ ಮೆಲ್ಲಗೆ ಒತ್ತಿ ನೋಡಿದಳು. "ಆವತ್ತು ಇದ್ದಿದ್ದರೆ" ಅಂದಳು.

"ಆವತ್ತು ಇರಲಿಲ್ಲಮ್ಮ" ಅಂದಳು ಸೂಜವ್ವ. ಆಮೇಲೆ ತಾನು ಕೇಳುವುದನ್ನೇ ಬಿಟ್ಟಿದ್ದ ಆ ಹಳೆಯ ಮಾತನ್ನು ಕೇಳಿದಳು. "ಎಷ್ಟು ಮೊಟ್ಟೆ ಇಡ್ತೀಯ?"

"ಈ ಸಲ ಒಂದೇ."

ಸೂಜವ್ವ ಒಂದು ಎಲೆ ಹುಡುಕಿ ಒಂದೇ ಒಂದು ತೂತು ಮಾಡಿದಳು. ಇಬ್ಬರೂ ಅದರ ಪಕ್ಕದಲ್ಲಿ ಕೂತು ಕಾದರು.

ಆಮೇಲೆ ಒಬ್ಬೊಬ್ಬರಾಗಿ ಹಕ್ಕಿಗಳು ಮತ್ತೆ ಬಂದವು. ಅಡಿಯಲ್ಲಿ ಒಡ್ಡಿದ ಆ ಎಲೆಗೆ ಸೂಜವ್ವನ ಎಲೆ ಅಂತಲೇ ಹೆಸರು ಬಿತ್ತು. ಅವ್ವನ ಕೈ ಅಂತ ಮತ್ತೆ ಯಾರೂ ಅನ್ನಲಿಲ್ಲ, ಇದು ನಿನ್ನ ಕೈ ಕಣೇ ಅನ್ನತೊಡಗಿದರು. ಅಷ್ಟು ಆಸೆಪಟ್ಟ ಆ ಮಾತು ಕೊನೆಗೂ ಕಿವಿಗೆ ಬಿದ್ದಾಗ ಸೂಜವ್ವ ಹಿಗ್ಗಲಿಲ್ಲ. ಕೆಳಗಿನ ಕಲ್ಲನ್ನು ಒಮ್ಮೆ ನೋಡಿ, ಹೊಲಿಗೆ ಮುಂದುವರಿಸಿದಳು.

ನೀತಿ: ಕೈಕೆಲಸವನ್ನು ಬೆಳೆಸುವ ಆತುರದಲ್ಲಿ ಅದರ ಜೀವವನ್ನೇ ಕಿತ್ತುಹಾಕಬಾರದು. ಇನ್ನೊಬ್ಬರ ದುಡಿಮೆಗೆ ತನ್ನ ಗುರುತು ಒತ್ತಿದವನು ಅದರ ತಪ್ಪನ್ನೂ ಹೊರಬೇಕಾಗುತ್ತದೆ. ತನ್ನ ತಪ್ಪನ್ನು ತನ್ನದೆಂದು ಒಪ್ಪಿಕೊಂಡವರ ಕೈಗೆ ಮಾತ್ರ ತನ್ನದೇ ಆದ ಕೆಲಸ ಒಲಿಯುತ್ತದೆ.