ನಾಯಿಗೂ ಜಾಗವಿದ್ದ ಕಾರು

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದ ಎರಡನೆಯ ಶುಕ್ರವಾರ, ಸಂಜೆಯ ಪ್ರಾರ್ಥನೆಯ ನಂತರ ಇದು ನಡೆಯಿತು.

ಕಾನ್ವೆಂಟಿನ ಶಾಲೆಯಲ್ಲಿ ಮೂರನೆಯ ತರಗತಿಗೆ ಪಾಠ ಹೇಳುವ ಐರಿನ್ ಎದ್ದು ನಿಂತು ಮದರ್ ಅಪೊಲಿನ್ ಅವರನ್ನು ಕೇಳಿದಳು: "ಮದರ್, ನಾನು ಒಬ್ಬರ ವಿಷಯದಲ್ಲಿ ಸುಳ್ಳು ಹೇಳಿದೆ. ಅವರು ನನಗೆ ತೀರ ಹತ್ತಿರದವರು. ನಾನು ಹೇಳಿದ್ದು ಅವರಿಗೆ ಗೊತ್ತಾಗಿಲ್ಲ, ಗೊತ್ತಾಗುವುದೂ ಇಲ್ಲ. ಅದರಿಂದ ಅವರಿಗೆ ಏನೂ ನಷ್ಟವಾಗಲಿಲ್ಲ. ಈಗಲೂ ನನ್ನನ್ನು ಮೊದಲಿನಷ್ಟೇ ಪ್ರೀತಿಸುತ್ತಾರೆ. ಹೀಗಿರುವಾಗ ನಾನು ನಾಚಿಕೆಪಡಬೇಕಾದದ್ದು ಯಾರ ಮುಂದೆ?"

ಮದರ್ ಅವಳಿಗೆ ಕುಳಿತುಕೊಳ್ಳುವಂತೆ ಸನ್ನೆ ಮಾಡಿದರು. ಆಮೇಲೆ ಈ ಕತೆಯನ್ನು ಹೇಳಿದರು.

ಒಬ್ಬ ಗೃಹಸ್ಥನಿದ್ದ. ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಅವನಿಗೆ ಹೆಂಡತಿ, ಶಾಲೆಗೆ ಹೋಗುವ ಮಗಳು, ಆಗಷ್ಟೇ ಮಾತು ಕಲಿಯುತ್ತಿದ್ದ ಮಗ ಇದ್ದರು. ಮನೆಯಲ್ಲಿ ಒಂದು ನಾಯಿಯೂ ಇತ್ತು. ಅದು ಜಾತಿ ನಾಯಿಯಲ್ಲ. ಮೀನು ಮಾರುಕಟ್ಟೆಯ ಹಿಂದೆ ಮರಿಯಾಗಿದ್ದಾಗ ಸಿಕ್ಕಿದ್ದು. ಅದರ ಒಂದು ಕಿವಿ ಹರಿದಿತ್ತು. ಮಗಳು ಅದರ ಬೆನ್ನು ಹಿಡಿದುಕೊಂಡು ನಡೆಯಲು ಕಲಿತಿದ್ದಳು.

ಆ ಗೃಹಸ್ಥ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕತೆ ಮುಗಿಯುವಾಗ ನೀವು ಅವನನ್ನು ಕೆಟ್ಟವನೆಂದು ತಿಳಿದು ಸಮಾಧಾನಪಟ್ಟುಕೊಳ್ಳಬಾರದು.

ಅವರ ಸ್ಕೂಟರಿನಲ್ಲಿ ನಾಲ್ವರು ಕುಳಿತುಕೊಳ್ಳುವುದೇ ಕಷ್ಟವಾಗಿತ್ತು. ಭಾನುವಾರ ಅವರು ಹೊರಟರೆ ನಾಯಿ ಗೇಟಿನ ಒಳಗೆ ಉಳಿಯುತ್ತಿತ್ತು. ಅವರು ತಿರುಗಿ ಬರುವವರೆಗೂ ಗೇಟನ್ನು ಬಿಟ್ಟು ಕದಲುತ್ತಿರಲಿಲ್ಲ. ಅದನ್ನು ನೋಡಿ ನೋಡಿ ಗೃಹಸ್ಥನ ಮನಸ್ಸು ಕರಗಿತು. ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವುದೆಂದು ನಿಶ್ಚಯಿಸಿದ. "ನಾಯಿಗೂ ಜಾಗ ಇರುವಂಥದ್ದನ್ನೇ ಕೊಳ್ಳುತ್ತೇನೆ" ಎಂದು ಮಗಳಿಗೆ ಮಾತು ಕೊಟ್ಟ. ಕೊಟ್ಟ ಮಾತು ಮನಃಪೂರ್ವಕವಾದದ್ದೇ ಆಗಿತ್ತು.

ಮಗಳು ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ನಾಯಿ ಉದ್ದಕ್ಕೆ ಮಲಗಿ ನಿದ್ರೆ ಮಾಡುವಾಗ ಮೂಗಿನಿಂದ ಬಾಲದವರೆಗೆ ಒಂದು ದಾರ ಹಿಡಿದು ಅಳೆದಳು. ಅಳತೆ ಮುಗಿದಲ್ಲಿ ಗಂಟು ಹಾಕಿದಳು.

ಇನ್ನು ಗೃಹಸ್ಥನ ಕಚೇರಿಯ ವಿಷಯ. ಅಲ್ಲಿ ಊಟದ ಹೊತ್ತಿಗೆ ಮೇಲಧಿಕಾರಿ ತನ್ನ ಮನೆಯ ನಾಯಿಯ ಬಗ್ಗೆ ಮಾತನಾಡುತ್ತಿದ್ದ. ಅದು ಪರದೇಶದ ತಳಿ, ಅದರ ತಾಯಿಗೆ ಬಹುಮಾನ ಬಂದಿತ್ತು. ಒಮ್ಮೆ ಗೃಹಸ್ಥನೂ "ನಮ್ಮಲ್ಲಿಯೂ ಒಂದಿದೆ ಸರ್" ಎಂದ. "ಯಾವ ತಳಿ?" ಎಂಬ ಪ್ರಶ್ನೆ ಬಂತು. ಎಲ್ಲರೂ ಅವನತ್ತ ನೋಡುತ್ತಿದ್ದರು. "ಲ್ಯಾಬ್ರಡಾರ್" ಎಂದುಬಿಟ್ಟ.

ಇಲ್ಲಿ, ಕತೆ ಕೇಳುತ್ತಿದ್ದ ಸಿಸ್ಟರ್ ಬೆನೆಡಿಕ್ಟಾ ನಕ್ಕರು. ಮದರ್ ಆ ನಗು ನಿಲ್ಲುವವರೆಗೆ ಕಾದರು. ಮತ್ತೆ ಮುಂದುವರಿಸಿದರು.

ಆ ಮೇಲೆ ಅವನು ಸುಳ್ಳಿಗೆ ದಿನವೂ ಅನ್ನ ಹಾಕಬೇಕಾಯಿತು. ಲ್ಯಾಬ್ರಡಾರ್ ಏನು ತಿನ್ನುತ್ತದೆ, ಎಷ್ಟು ನಿದ್ರೆ ಮಾಡುತ್ತದೆ ಎಂದೆಲ್ಲ ಹೇಳಿದ. ಕಾರು ಕೊಳ್ಳಲು ರಜೆ ಕೇಳಿದಾಗಲೂ ಅದರ ಹೆಸರನ್ನೇ ಹೇಳಿದ.

ಗೊತ್ತುಮಾಡಿದ ದಿನ ಕುಟುಂಬವೆಲ್ಲ ರಿಕ್ಷಾದಲ್ಲಿ ಹಳೆ ಕಾರುಗಳ ವ್ಯಾಪಾರಿಯ ಅಂಗಳಕ್ಕೆ ಹೋಯಿತು. ನಾಯಿಯೂ ಜೊತೆಗಿತ್ತು. ಆ ವ್ಯಾಪಾರಿಗೆ ಒಂದು ಪದ್ಧತಿಯಿತ್ತು. ಕಾರಿನಲ್ಲಿ ಓಡಾಡುವವರೆಲ್ಲ ಒಮ್ಮೆ ಒಳಗೆ ಕುಳಿತು ಇಳಿಯುವವರೆಗೆ ಅವನು ವ್ಯಾಪಾರದ ಮಾತು ಎತ್ತುತ್ತಿರಲಿಲ್ಲ. ಮನೆಗೆ ಹೋದ ಮೇಲೆ ಜಾಗ ಸಾಲದೆಂದು ಕಾರು ಹಿಂದಕ್ಕೆ ತಂದವರ ಜೊತೆ ಜಗಳವಾಡಿ ಅವನು ಬೇಸತ್ತಿದ್ದ.

ಮೊದಲನೆಯ ಕಾರು ಚಿಕ್ಕದು. ಮಗಳು ದಾರ ಹಿಡಿದಳು. ವ್ಯಾಪಾರಿ ಅಡ್ಡಡ್ಡ ತಲೆಯಾಡಿಸಿದ.

"ಇದು ಆಗಲಿಕ್ಕಿಲ್ಲ ಸರ್. ಬಾಲ ಹೊರಗೆ ಉಳಿಯುತ್ತದೆ. ಬಾಲಕ್ಕೆ ಅಂತ ಇನ್ನೊಂದು ಕಾರು ತೆಗೆಯಬೇಕಾದೀತು."

ಎರಡನೆಯದು ಉದ್ದನೆಯ ಕಾರು, ಹೊಳೆಯುತ್ತಿತ್ತು. "ಡಿಕ್ಕಿ ಎಷ್ಟು ದೊಡ್ಡದುಂಟು ನೋಡಿ ಮಾರಾಯ್ರೆ" ಎಂದ ವ್ಯಾಪಾರಿ.

"ಡಿಕ್ಕಿ ಮುಚ್ಚಿದರೆ ಅದು ಉಸಿರಾಡುವುದು ಹೇಗೆ?" ಎಂದು ಮಗಳು ಕೇಳಿದಳು.

"ಅದೂ ಹೌದು. ನಾನು ಇವಳ ಹತ್ತಿರವೇ ವ್ಯಾಪಾರ ಮಾಡಬೇಕಿತ್ತು."

ಮೂರನೆಯದು ಎತ್ತರದ ಕಾರು. ಅದರ ಕೊನೆಯ ಸೀಟನ್ನು ಮಡಚಿದರೆ ಮಕ್ಕಳ ಬೆನ್ನ ಹಿಂದೆಯೇ ಅಗಲವಾದ ಜಾಗವಾಗುತ್ತಿತ್ತು. ದಾರದ ಗಂಟು ಒಳಗೇ ಉಳಿಯಿತು. ಒಂದು ಬಾಗಿಲ ಬಣ್ಣ ಮಾಸಿತ್ತು. ಹೆಂಡತಿ ಅದನ್ನು ತೋರಿಸಿದಾಗ ಗೃಹಸ್ಥ "ನಾವೇನು ಬಣ್ಣದ ಮೇಲೆ ಕೂರುತ್ತೇವೆಯೇ?" ಎಂದ. ಎಲ್ಲರೂ ಹತ್ತಿದರು. ಹಗ್ಗ ಬಿಚ್ಚಿದ ಕೂಡಲೇ ನಾಯಿ ತಾನಾಗಿ ಹಾರಿ ಹಿಂದೆ ಮಲಗಿತು. ಮಗಳು ಹಿಂದಕ್ಕೆ ಕೈ ಚಾಚಿದಳು. ಅದು ಕೈಯ ಮೇಲೆ ಗದ್ದವನ್ನಿಟ್ಟಿತು. ಆ ಗಳಿಗೆಯಲ್ಲಿ ಆ ಕುಟುಂಬಕ್ಕೆ ಯಾವ ಕೊರತೆಯೂ ಇರಲಿಲ್ಲ.

ಅಷ್ಟರಲ್ಲಿ ಅಂಗಳದೊಳಗೆ ಇನ್ನೊಂದು ಕಾರು ಬಂತು. ಅದರಲ್ಲಿದ್ದವನು ಕಚೇರಿಯ ಮೇಲಧಿಕಾರಿ. ತನ್ನ ಹಳೆಯ ಕಾರನ್ನು ಮಾರಲು ಬಂದಿದ್ದ.

ಗೃಹಸ್ಥ ಅವನನ್ನು ಮೊದಲು ಕಂಡ. ಬೇಗನೆ ಇಳಿದು ಹಿಂದಿನ ಬಾಗಿಲು ತೆರೆದು ನಾಯಿಯನ್ನು ಹೊರಗೆ ತಳ್ಳಿದ. ಅದು ಆಟವೆಂದು ತಿಳಿದು ಅವನ ಕಾಲಿನ ಬಳಿಯೇ ಕುಳಿತಿತು. ಲ್ಯಾಬ್ರಡಾರಿನ ಸುಳ್ಳನ್ನು ಮೊದಲೇ ತಿಳಿದಿದ್ದ ಹೆಂಡತಿಗೆ ವಿಷಯ ಅರ್ಥವಾಯಿತು. ಮಗ ಎಲ್ಲಿ ನಾಯಿಯ ಹೆಸರು ಹಿಡಿದು ಕೂಗುತ್ತಾನೋ ಎಂದು ಅವನನ್ನು ಎತ್ತಿಕೊಂಡು ಕಾರುಗಳ ಆಚೆಗೆ ಹೋದಳು. ಮಗಳು ತಂದೆಯ ಪಕ್ಕದಲ್ಲಿ ಬಂದು ನಿಂತಳು.

"ಓಹೋ, ನೀವು ಇಲ್ಲಿದ್ದೀರಾ?" ಎಂದ ಅಧಿಕಾರಿ. "ಲ್ಯಾಬ್ರಡಾರ್ ಎಲ್ಲಿ? ಅದಕ್ಕೆ ಜಾಗ ನೋಡಲಿಕ್ಕೆ ಅಂತಲ್ಲವಾ ರಜೆ ಹಾಕಿದ್ದು?"

"ಮನೆಯಲ್ಲಿದೆ ಸರ್."

"ಮತ್ತೆ ಇದು ಯಾರದ್ದು? ನಿಮ್ಮ ಕಾಲು ಬಿಡುವುದಿಲ್ಲವಲ್ಲ."

"ಗೊತ್ತಿಲ್ಲ ಸರ್. ಇಲ್ಲಿಯದೇ ಇರಬೇಕು."

"ಕಂತ್ರಿ ನಾಯಿಗೂ ಗುಮಾಸ್ತರೆಂದರೆ ಸಲಿಗೆ" ಎಂದು ಅಧಿಕಾರಿ ನಕ್ಕ. ಗೃಹಸ್ಥನೂ ನಕ್ಕ. ಅಧಿಕಾರಿ ಹುಡುಗಿಯ ಕಡೆ ಬಗ್ಗಿದ. "ಎಂತ ಮಗಾ, ಇದು ನಿಮ್ಮದಲ್ಲ ತಾನೇ?"

ಹುಡುಗಿ ತಂದೆಯ ಮುಖ ನೋಡಿದಳು. ದಾರವಿದ್ದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

"ಅಲ್ಲ ಅಂಕಲ್. ನಮ್ಮ ನಾಯಿ ಮನೆಯಲ್ಲಿದೆ. ಅದರ ಎರಡು ಕಿವಿಯೂ ಚೆನ್ನಾಗಿವೆ."

ಕಿವಿಯ ಮಾತನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದು ಅವಳದೇ. ಮಗಳು ಜಾಣೆ ಎಂದು ಗೃಹಸ್ಥನಿಗೆ ಹೆಮ್ಮೆಯಾಯಿತು. ಅವನ ಪಾಪದಲ್ಲಿ ಅತಿ ದೊಡ್ಡ ಭಾಗ ಆ ಹೆಮ್ಮೆ ಎಂದು ನನ್ನ ಅಭಿಪ್ರಾಯ.

"ಓಡಿಸಿ ಅದನ್ನು. ನನ್ನ ಕಾರಿನ ಮೇಲೆ ಉಗುರು ಹಾಕೀತು" ಎಂದ ಅಧಿಕಾರಿ. ಆ ನಾಯಿ ಯಾರ ಜೊತೆ ರಿಕ್ಷಾದಿಂದ ಇಳಿದಿತ್ತೆಂದು ವ್ಯಾಪಾರಿಗೆ ಗೊತ್ತಿತ್ತು. ಅವನು ಗೃಹಸ್ಥನನ್ನು ಒಮ್ಮೆ ನೋಡಿದ. ಗೃಹಸ್ಥ ಮಾಸಿದ ಬಾಗಿಲನ್ನು ಪರೀಕ್ಷಿಸುತ್ತಿದ್ದ. ವ್ಯಾಪಾರಿಗೆ ಇಬ್ಬರೂ ಗಿರಾಕಿಗಳೇ. ಅವನು ಕಾರು ತೊಳೆಯುವ ಪೈಪನ್ನು ಎತ್ತಿ ನಾಯಿಯ ಮುಖಕ್ಕೆ ನೀರು ಬಿಟ್ಟ. ನಾಯಿ ರಸ್ತೆ ದಾಟಿ ಓಡಿ, ಆಚೆ ಬದಿಯಲ್ಲಿ ನಿಂತು ಇವರ ಕಡೆಗೇ ನೋಡುತ್ತಿತ್ತು. ಅಧಿಕಾರಿ ಮಾತು ಮುಗಿಸಿ ಹೋಗುವವರೆಗೆ ಯಾರೂ ಅದನ್ನು ಕರೆಯಲಿಲ್ಲ.

ಆಮೇಲೆ ಗೃಹಸ್ಥ ಕರೆದ. ಅದು ಒದ್ದೆ ಮೈಯಲ್ಲಿ ಓಡಿಬಂದು ಅವನ ಕೈ ನೆಕ್ಕಿತು. ಅದಕ್ಕೆ ಏನೂ ಗೊತ್ತಿರಲಿಲ್ಲ. ಅವನ ಎದೆ ಹಗುರವಾಯಿತು. ನಡೆದದ್ದರಿಂದ ಯಾರಿಗೂ ಏನೂ ಆಗಲಿಲ್ಲವೆಂದು ಅಂದುಕೊಂಡ. ಆ ಕಾರನ್ನೇ ಕೊಂಡ.

ಕಾರು ಮನೆಗೆ ಬಂತು. ಹೂವು ಮುಡಿಸಿದರು. ಹಿಂದಿನ ಜಾಗದಲ್ಲಿ ಹಳೆಯ ಕಂಬಳಿ ಹಾಸಿದರು. ಮೊದಲ ಭಾನುವಾರ ಸಮುದ್ರದ ದಂಡೆಗೆ ಹೊರಟರು. ನಾಯಿ ಎಲ್ಲರಿಗಿಂತ ಮೊದಲು ಹತ್ತಿ ಕಂಬಳಿಯ ಮೇಲೆ ಕುಳಿತು ಮಗಳಿಗಾಗಿ ನೋಡಿತು. ಮಗಳು ಹತ್ತಲಿಲ್ಲ. ಬಾಗಿಲು ಹಿಡಿದುಕೊಂಡು ನಿಂತಳು. ಹಠವಿರಲಿಲ್ಲ, ಅಳುವಿರಲಿಲ್ಲ. ಮನೆಪಾಠದಲ್ಲಿ ತಿಳಿಯದ್ದನ್ನು ಕೇಳುವ ಹಾಗೆ ಕೇಳಿದಳು.

"ಅಪ್ಪಾ, ಅಲ್ಲಿ ಯಾರಾದರೂ ಸಿಕ್ಕಿದರೆ ಇವತ್ತು ಎಂತ ಹೇಳಬೇಕು? ನಮ್ಮದು ಅಂತಲಾ, ಅಲ್ಲ ಅಂತಲಾ?"

ಗೃಹಸ್ಥ ಕಾರಿನ ಕೀಲಿ ತಿರುಗಿಸಲು ಕೈ ಇಟ್ಟಿದ್ದ. ಕೈ ಅಲ್ಲಿಯೇ ಉಳಿಯಿತು. ಹೆಂಡತಿ ಮಡಿಲಲ್ಲಿದ್ದ ಮಗನ ತಲೆ ಸವರುತ್ತಿದ್ದಳು. ಕಾರಿನಲ್ಲಿ ಎಲ್ಲರಿಗೂ ಜಾಗವಿತ್ತು. ಅವನಿಗೆ ಮಾತ್ರ ಅಲ್ಲಿ ಕುಳಿತಿರಲು ಆಗಲಿಲ್ಲ. ಇಳಿದು ಮನೆಯೊಳಗೆ ಹೋದ.

ಮದರ್ ನಿಲ್ಲಿಸಿದರು.

ಐರಿನ್ ಹೇಳಿದಳು: "ಆದರೆ ಮದರ್, ನಾಯಿಗೆ ಅದು ಗೊತ್ತೇ ಇರಲಿಲ್ಲ. ಅವನು ಯಾರ ಬಳಿ ತಪ್ಪೊಪ್ಪಿಕೊಳ್ಳಬೇಕಿತ್ತು?"

ಮದರ್ ಅಪೊಲಿನ್ ಅವಳನ್ನೇ ನೋಡುತ್ತ ಕೇಳಿದರು: "ಐರಿನ್, ನೀನು ಆ ಸುಳ್ಳು ಹೇಳುವಾಗ ನಿನ್ನ ಪಕ್ಕದಲ್ಲಿ ಯಾರು ನಿಂತಿದ್ದರು?"

ಐರಿನ್ ತಲೆ ತಗ್ಗಿಸಿದಳು.

ಅಲ್ಲಿ ಇದ್ದವರು: ಮದರ್ ಅಪೊಲಿನ್, ಸಿಸ್ಟರ್ ಬೆನೆಡಿಕ್ಟಾ, ಐರಿನ್ ಕ್ವಾಡ್ರಸ್, ಹೆಲೆನ್ ತಾವ್ರೊ, ವಾರಿಜಾಕ್ಷಿ ಶೆಟ್ಟಿಗಾರ್.