ಮಠದ ಮಗನ ಮಗ್ಗುಲು

ಕಣವಿಹಾಳ ಮಠದ ಪೂಜ್ಯ ಶ್ರೀ ಕಂಬಳಯ್ಯ ಶಿವಯೋಗಿಗಳು ಗದ್ದುಗೆಯ ಮೇಲೆ ಕೂತದ್ದನ್ನು ಕಂಡವರು ಕಡಿಮೆ. ಅವರ ದರ್ಶನ ಸಿಗುತ್ತಿದ್ದುದು ದನದ ಕೊಟ್ಟಿಗೆಯಲ್ಲಿ. ವಿಭೂತಿಗೆಂದು ಕುಳ್ಳು ತಟ್ಟುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಪಾದಕ್ಕೆರಗಲು ಬಂದ ದೊಡ್ಡ ದೊಡ್ಡ ಅಧಿಕಾರಿಗಳೂ ಸಗಣಿ ತುಳಿದೇ ಬರಬೇಕು, ಅದೊಂದು ನೋಡುವಂಥ ಸೊಗಸು!

ಅಂಥ ಒಂದು ಬೆಳಿಗ್ಗೆ ಸಾತವ್ವ ಬಂದಳು. ಕೈ ಮುಗಿಯಲಿಲ್ಲ. ಮುಗಿದು ಮುಗಿದು ಸಾಕಾಗಿತ್ತು ಆಕೆಗೆ.

ಸಾಕಾಗದೆ ಏನು? ಮಗ ಈರಭದ್ರನಿಗೆ ಐದನೆಯ ವಯಸ್ಸಿನಲ್ಲಿ ಮಿದುಳು ಜ್ವರ ಬಂದಿತ್ತು. ಜ್ವರ ಇಳಿಯಿತು, ಮಗು ಮರಳಲಿಲ್ಲ. ಮಿದುಳು ಬಹುಪಾಲು ಹೋಗಿದೆ, ಹೆಚ್ಚು ದಿನ ಉಳಿಯುವುದಿಲ್ಲ ಎಂದು ಡಾಕ್ಟರರು ಕೈಚೆಲ್ಲಿದರು. ಮನೆಯವರು ಅವಸರದಲ್ಲಿ ಜಂಗಮರನ್ನು ಕರೆಸಿ, ಪ್ರಾಣ ಬಿಡುವವರಿಗೆ ಮಾಡುವ ವಿಭೂತಿ ವೀಳ್ಯವನ್ನೂ ಮಾಡಿಸಿ ಶಿವನಿಗೆ ಒಪ್ಪಿಸಿಬಿಟ್ಟರು. ಹುಡುಗ ಹೋಗಲಿಲ್ಲ. ಕಣ್ಣು ತೆರೆದಿರುತ್ತಿತ್ತು, ನೋಟವಿರಲಿಲ್ಲ. ಮೂಗಿನ ಪೈಪಿನಲ್ಲಿ ಗಂಜಿ ಇಳಿಯಿತು, ಮೈ ಬೆಳೆಯಿತು, ಮೀಸೆಯೂ ಬಂತು. ಈಗ ಮೂವತ್ತು ದಾಟಿತ್ತು. ಒಪ್ಪಿಸಿದ ಮೇಲೆ ಅವನು ನಮ್ಮವನಲ್ಲ ಎಂದು ಓಣಿಯವರು ಮುಟ್ಟುವುದನ್ನೇ ಬಿಟ್ಟಿದ್ದರು. ಸಾತವ್ವ ಒಬ್ಬಳೇ ಹೊರಳಿಸಿ, ಒರೆಸಿ, ಸೊಂಟ ಕಳೆದುಕೊಂಡಿದ್ದಳು. ಬಂದವರು ಹೊಸ್ತಿಲಾಚೆಯೇ ನಿಂತು, ಇನ್ನೂ ಹಾಗೇ ಇದ್ದಾನೆಯೇ ಎಂದು ಕೇಳುವುದು, ಒಬ್ಬೊಬ್ಬರು ಒಂದೊಂದು ತಾಯಿತ ಹೇಳುವುದು. ಮೈದುನ ರುದ್ರಪ್ಪನದಂತೂ ಒಂದೇ ವರಾತ: ಆಗಿನ ವೀಳ್ಯದಲ್ಲಿ ಏನೋ ಲೋಪವಾಗಿದೆ, ಮಠದ ಅಜ್ಜಾರಿಂದಲೇ ಇನ್ನೊಮ್ಮೆ ಮಾಡಿಸಿದರೆ ಜೀವಕ್ಕೆ ಬಿಡುಗಡೆ.

ಅದನ್ನೇ ಕೇಳಲು ಆಕೆ ಬಂದದ್ದು.

"ಎಬ್ಬಸೂದಾದ್ರ ಎಬ್ಬಸ್ರಿ ಅಜ್ಜಾರ, ಇಲ್ಲಾ ಕರಕೊಂಡು ಹೋಗಂತ ನಿಮ್ಮ ಶಿವಗ ಹೇಳ್ರಿ. ಎರಡೂ ಆಗೂದಿಲ್ಲಂದ್ರ ಭಸ್ಮಾ ಗಿಸ್ಮಾ ಕೊಡಬ್ಯಾಡ್ರಿ, ಮನ್ಯಾಗ ಡಬ್ಬಿ ತುಂಬಿ ಕುಂತಾವು. ನಾ ಸತ್ತ ಮ್ಯಾಲೆ ಅವನ್ನ ಯಾರು ಹೊರಳಸ್ತಾರ, ಅದೊಂದು ಹೇಳ್ರಿ ಸಾಕು."

ಗದರಲು ಮುಂದಾದ ಸೇವಕರನ್ನು ಪೂಜ್ಯರು ತಡೆದರು. ಎಬ್ಬಿಸುವುದು ತಮ್ಮಿಂದಾಗದು, ಕಳಿಸುವುದು ತಮ್ಮ ಕೆಲಸವಲ್ಲ ಎಂದು ನೇರವಾಗಿ ಹೇಳಿದರು. ಆಮೇಲೆ ಕೈ ತೊಳೆದುಕೊಳ್ಳುತ್ತ ಕೇಳಿದರು:

"ಶಿವಗ ಒಪ್ಪಿಸಿದ್ದು ಖರೇನಾ?"

"ಖರೇರಿ."

"ಹಂಗಾದ್ರ ಅವ ಮಠದ ಮಗ ಆದ. ಇನ್ನ ಸೋಮವಾರಕ್ಕೊಮ್ಮೆ ನಮ್ಮ ಭಿಕ್ಷಾ ಅವನ ಹಾಸಿಗಿ ಬಾಜೂಕ."

ಸಾತವ್ವನಿಗೆ ತಲೆ ಚಿಟ್ಟು ಹಿಡಿಯಿತು. ಬಿಡುಗಡೆ ಕೇಳಿದರೆ ಈ ಪುಣ್ಯಾತ್ಮರು ಊಟಕ್ಕೆ ಬರುತ್ತೇನೆನ್ನುತ್ತಾರಲ್ಲ ಎಂದು ದಾರಿಯುದ್ದಕ್ಕೂ ಗೊಣಗಿದಳು.

ಅಜ್ಜಾರ ಭಿಕ್ಷೆಯಿರುವ ಮನೆಯಲ್ಲಿ ಓಣಿಯವರೆಲ್ಲ ಅಡಿಗೆ ತಂದು ಪಂಕ್ತಿಗೆ ಕೂರುವುದು, ಅವರು ತುತ್ತೆತ್ತುವ ತನಕ ಯಾರೂ ಎತ್ತದಿರುವುದು ಅಲ್ಲಿಯ ವಾಡಿಕೆ. ಸೋಮವಾರ ಮಧ್ಯಾಹ್ನ ಪಡಸಾಲೆ ತುಂಬಿತು. ಪೂಜ್ಯರು ಈರಭದ್ರನ ಹಾಸಿಗೆಯ ಪಕ್ಕ ಕೂತರು. ಎಲೆಯಲ್ಲಿ ಹೋಳಿಗೆ ಆರುತ್ತಿದೆ, ಕೈ ಮಾತ್ರ ಏಳಲೊಲ್ಲದು. ಹಸಿದ ಜನ ಒಳಗೊಳಗೇ ಚಡಪಡಿಸಿದರು. ಕೊನೆಗೆ ರುದ್ರಪ್ಪ, ಪ್ರಸಾದ ಸ್ವೀಕರಿಸಬೇಕೆಂದು ಬೇಡಿಕೊಂಡ.

"ಮಠದ ಮಗನ ಮಗ್ಗಲ ಬದಲಿಸೂ ಹೊತ್ತಾತು. ಅದು ಆಗಲಿ," ಎಂದರು ಪೂಜ್ಯರು. ಸಾತವ್ವ ಎದ್ದಳು. ಆಕೆಗೆ ಕೂರುವಂತೆ ಕೈ ಮಾಡಿ, ರುದ್ರಪ್ಪನನ್ನೇ ನೋಡಿದರು.

ಅವನು ಎದ್ದು ಬಂದು ಈರಭದ್ರನ ರಟ್ಟೆ ಹಿಡಿದ.

"ಜಗ್ಗಬ್ಯಾಡೋ, ಅವನೇನು ಜೋಳದ ಚೀಲೇನು?" ಸಾತವ್ವ ರೇಗಿದಳು. "ಬೆನ್ನ ಕೆಳಗ ಕೈ ಹಾಕು."

ಹಾಕಿದವನು ಹಾಗೇ ನಿಂತುಬಿಟ್ಟ. ಅಣ್ಣನ ಮಗನನ್ನು ಅವನು ಮುಟ್ಟಿದ್ದು ಆ ವೀಳ್ಯದ ದಿನವೇ ಕಡೆ.

"ವೈನಿ, ಮೈ ಬೆಚ್ಚಗೈತಿ," ಎಂದ, ಮೆಲ್ಲಗೆ.

ಪೂಜ್ಯರು ತುತ್ತೆತ್ತಿದರು.

ಈರಭದ್ರ ಏಳಲಿಲ್ಲ; ಅಂಥ ಪವಾಡವನ್ನು ಪೂಜ್ಯರು ಹೇಳಿಕೊಂಡೂ ಇರಲಿಲ್ಲ. ಮರುದಿನ ಗಂಜಿಯ ವೇಳೆಗೆ ಬಾಗಿಲಲ್ಲಿ ರುದ್ರಪ್ಪ ನಿಂತಿದ್ದ. ಇವತ್ತು ಸೋಮವಾರವಲ್ಲವಲ್ಲ ಎಂದಳು ಸಾತವ್ವ. ತನಗೂ ಗೊತ್ತು ಎನ್ನುತ್ತ ಅವನು ಒಳಗೆ ಬಂದ.

"ನೀ ಸ್ವಲ್ಪ ಅಡ್ಡಾಗು ವೈನಿ."

ಆಕೆ ಚಾಪೆಯ ಮೇಲೆ ಅಡ್ಡಾದಳು. ಮಗನ ದಿಂಬು ಸರಿಯಿಲ್ಲವೆಂದು ಕಣ್ಣು ಮುಚ್ಚಿಕೊಂಡೇ ಬೈದಳು, ಹಚ್ಚಡ ಜಗ್ಗೆಂದು ಬೈದಳು. ಇನ್ನೊಂದು ಬೈಗುಳ ತುಟಿಗೆ ಬರುವಷ್ಟರಲ್ಲಿ ನಿದ್ದೆ ಹೋಗಿದ್ದಳು.