ಅಜ್ಜನವರು ಉಂಡ ಒಗರು ಗಂಜಿ

ಕೃಷ್ಣಾ ನದಿಯ ದಂಡೆಯ ಮೇಲೆ ಹೊಳೆಬಾಗೂರು ಎಂಬುದೊಂದು ಚಿಕ್ಕ ಊರು. ಅಲ್ಲಿಯ ಮಠವೆಂದರೆ ಕಮಾನು, ಕಳಸ, ಅಂಬಾರಿ ಎಂದೆಲ್ಲ ಊಹಿಸಿಕೊಳ್ಳಬೇಡಿ. ಮಣ್ಣಿನ ಗೋಡೆಯ ಒಂದು ಕೋಣೆ, ಮುಂದೊಂದು ಬೇವಿನ ಮರ, ಮರದ ಸುತ್ತ ಕಲ್ಲಿನ ಕಟ್ಟೆ, ಇಷ್ಟೇ. ಪೂಜ್ಯ ಶ್ರೀ ನಿರ್ವಾಣಯ್ಯ ಸ್ವಾಮಿಗಳು ಆ ಕೋಣೆಯಲ್ಲಿ ವಾಸವಾಗಿದ್ದರು. ಊರವರ ಬಾಯಲ್ಲಿ ಅವರು ಅಜ್ಜಾರು. ಮಳೆ ಬಂದರೆ ಕೋಣೆ ಸೋರುತ್ತಿತ್ತು. ಅಜ್ಜನವರು ಸೋರುವ ಜಾಗ ಬಿಟ್ಟು ಸೋರದ ಜಾಗಕ್ಕೆ ಸರಿದು ಕೂತು, "ಶಿವಾ ನಮಗ ಕೂಡೂ ಜಾಗಾ ತೋರಸ್ಲಿಕ್ಕೆ ಹತ್ತ್ಯಾನ" ಎಂದು ನಗುತ್ತಿದ್ದರು.

ಅವರದು ಕಂತಿಭಿಕ್ಷೆಯ ವ್ರತ. ಮುಂಜಾನೆ ಪೂಜೆ ಮುಗಿಸಿ, ಹೆಗಲಿಗೆ ಜೋಳಿಗೆ ಹಾಕಿ, ಗಂಜಿ ಅಂಬಲಿಗೆಂದು ಕೈಯಲ್ಲೊಂದು ಸೋರೆಬುರುಡೆ ಹಿಡಿದು, ಕುಲ ಕೇಳದೆ ಮನೆಮನೆಗೆ ದಯಮಾಡಿಸುತ್ತಿದ್ದರು. ಆ ವ್ರತಕ್ಕೆ ಅವರು ಹಾಕಿಕೊಂಡ ಕಟ್ಟಳೆ ಬಲು ಬಿಗಿ. ನಿನ್ನೆಯ ತಂಗಳನ್ನು ಸ್ವೀಕರಿಸುವಂತಿಲ್ಲ. ನಾಳೆಗೆಂದು ಕಾಳುಕಡಿ ಕಟ್ಟಿಕೊಳ್ಳುವಂತಿಲ್ಲ. ಆ ದಿನ ಆ ಒಲೆಯ ಮೇಲೆ ಬೆಂದದ್ದಷ್ಟೇ ಭಿಕ್ಷೆ. ಆದರೆ ಒಮ್ಮೆ ಬುರುಡೆಗೆ ಬಿದ್ದ ಮೇಲೆ ಅದು ಶಿವಪ್ರಸಾದ, ಬೇಡವೆನ್ನುವಂತಿಲ್ಲ, ಚೆಲ್ಲುವಂತಿಲ್ಲ. ಊರ ಸಾಹುಕಾರರೊಬ್ಬರು ಚೀಲದ ತುಂಬ ಜೋಳ ಹೊರಿಸಿಕೊಂಡು ಬಂದು, ಹೊರಿಸಿಕೊಂಡೇ ತಿರುಗಿ ಹೋದದ್ದನ್ನು ಜನ ಬಹಳ ದಿನ ಆಡಿಕೊಂಡು ನಕ್ಕಿದ್ದರು.

ಆ ಊರಲ್ಲಿ ದೋಣಿ ನಡೆಸುತ್ತಿದ್ದವನು ಅಂಬಿಗರ ದ್ಯಾಮಣ್ಣ. ಅವನ ಹೆಂಡತಿ ನೀಲಗಂಗವ್ವ. ದ್ಯಾಮಣ್ಣನ ತಾಯಿ ಬಾಳವ್ವನ ಬಾಯಿ ಮೊದಲಿನಿಂದಲೂ ಹರಿತ. ಸೊಸೆಗೆ ಮಕ್ಕಳಾಗಲಿಲ್ಲವೆಂದು ನೀರಿನ ಘಟ್ಟದಲ್ಲಿ, ನಾಲ್ಕು ಮಂದಿಯ ಎದುರಿಗೇ "ಬಂಜಿ" ಎಂದು ಕರೆದವಳು. ಅಂಥವಳಿಗೆ ಲಕ್ವಾ ಹೊಡೆದು ಬಲಮೈ ಬಿದ್ದುಹೋಯಿತು, ಮಾತು ನಿಂತುಹೋಯಿತು. ಬಾಳವ್ವನ ಹೆಣ್ಣುಮಕ್ಕಳು ಬಂದು, ಸೆರಗಿನಿಂದ ಕಣ್ಣೊರೆಸಿಕೊಂಡು, ಊಟ ಮಾಡಿ ಹೋದರು. ಉಚ್ಚೆ ಹೇಲು ಬಳಿಯಲು ಉಳಿದವಳು ನೀಲಗಂಗವ್ವ ಒಬ್ಬಳೇ. ಬಳಿದಳು, ಪಾಪ, ಎರಡು ಮಳೆಗಾಲ ಬಳಿದಳು. ದೇವರ ಜಗುಲಿಗೆ ದೀಪ ಹಚ್ಚುವುದನ್ನು ಮಾತ್ರ ಬಿಟ್ಟಳು. "ನನಗ ಕಣ್ಣು ತೆರೀಲಾರದ ದೇವರಿಗೆ ನಾ ಯಾಕ ದೀಪ ಹಚ್ಚಲಿ?" ಎಂದು ಗಂಡನಿಗೆ ಹೇಳಿದ್ದಳು.

ಆ ಎರಡನೆಯ ಮಳೆಗಾಲದ ಒಂದು ಮುಂಜಾನೆ ಅವಳು ಅಳುತ್ತಲೇ ಒಲೆ ಹೊತ್ತಿಸಿ, ಅಳುತ್ತಲೇ ನುಚ್ಚಿನ ಗಂಜಿ ಕಾಸಿ, ಅತ್ತೆಯ ಬಾಯಿಗೆ ಇಟ್ಟಳು. ಬಾಳವ್ವ ಫೂ ಎಂದು ಉಗುಳಿದಳು. ಗಂಜಿಯೆಲ್ಲ ಸೊಸೆಯ ಮುಖದ ಮೇಲೆ. ಮತ್ತೊಂದು ಗುಟುಕು ಕೊಟ್ಟಳು, ಮತ್ತೆ ಫೂ. ಅಷ್ಟೇ. ನೀಲಗಂಗವ್ವನ ತಾಳ್ಮೆಯ ಕಟ್ಟೆ ಒಡೆಯಿತು. ಎದ್ದವಳೇ ಎರಡು ಸೀರೆ ಗಂಟು ಕಟ್ಟಿ ಹೊಸ್ತಿಲ ಮೇಲಿಟ್ಟಳು. ಅವಳ ತವರು ಹೊಳೆಯ ಆಚೆ ದಂಡೆಯಲ್ಲಿತ್ತು. ಗಂಡನ ಮನೆ ಬಿಟ್ಟು ಹೋಗಲಿಕ್ಕೂ ಗಂಡನ ದೋಣಿಯನ್ನೇ ಹತ್ತಬೇಕು, ಹಣೆಬರಹ ನೋಡಿ! ಅಂಗಳದಲ್ಲಿ ಹುಟ್ಟು ಹೆಗಲಿಗೇರಿಸುತ್ತಿದ್ದ ದ್ಯಾಮಣ್ಣನಿಗೆ, "ಮೊದಲನೇ ದೋಣಿಗೆ ನಾನೂ ಬರಾಕಿ. ತಿರುಗಿ ಬರಾಕಿ ಅಲ್ಲ" ಎಂದಳು. ಅವನು ಒಳಗೆ ತಾಯಿಯ ಕಡೆ ನೋಡಿದ, ಹೆಂಡತಿಯ ಮುಖದ ಮೇಲಿನ ಗಂಜಿ ನೋಡಿದ, ತಲೆ ತಗ್ಗಿಸಿ ಘಟ್ಟಕ್ಕೆ ಹೋದ. ಇವಳೂ ಹೋಗಿಬಿಟ್ಟರೆ ಮುದುಕಿಯ ಬಾಯಿಗೆ ನೀರು ಬಿಡುವವರು ಇರಲಿಲ್ಲ.

ಸರಿಯಾಗಿ ಅದೇ ಹೊತ್ತಿಗೆ ಬಾಗಿಲಲ್ಲಿ, "ಭಿಕ್ಷಾ, ತಾಯೀ" ಎಂಬ ಧ್ವನಿ ಕೇಳಿಸಿತು. ಅಜ್ಜನವರು ನಿಂತಿದ್ದರು.

ಬೇರೆ ದಿನವಾಗಿದ್ದರೆ ಅವಳು ಸೆರಗು ಹೊದ್ದು, ಪಾದಕ್ಕೆ ನೀರು ಹಾಕುತ್ತಿದ್ದಳು. ಅಂದು ಅವಳಿಗೆ ಗುರುವೂ ಬೇಡವಾಗಿತ್ತು, ಹಿರಿಯರೂ ಬೇಡವಾಗಿತ್ತು.

"ಈ ಮನ್ಯಾಗ ಏನೂ ಇಲ್ರೀ ಅಜ್ಜಾರ! ದುಃಖ ಐತಿ ನೋಡ್ರಿ, ಹೊರೆಗಟ್ಟಲೆ ಐತಿ. ಬೇಕಾದ್ರ ಒಯ್ರಿ!"

ಅಜ್ಜನವರು ಬೇಸರಪಡಲಿಲ್ಲ, ಮುಂದಿನ ಮನೆಗೂ ಹೋಗಲಿಲ್ಲ. ಹೊಸ್ತಿಲ ಮೇಲಿದ್ದ ಗಂಟನ್ನು ನೋಡಿದರು. ಮೆಲ್ಲಗೆ ಜೋಳಿಗೆಯ ಬಾಯಿ ಬಿಚ್ಚಿ ಮುಂದೆ ಹಿಡಿದರು.

"ಹಾಕವ್ವ."

ನೀಲಗಂಗವ್ವ ದಂಗಾದಳು. ಆಮೇಲೆ ಸಿಟ್ಟಿನ ಭರದಲ್ಲಿ ಸುರಿಯತೊಡಗಿದಳು. ಘಟ್ಟದಲ್ಲಿ ಅತ್ತೆ ಆಡಿದ ಮಾತು, ಅಂದು ಸುತ್ತ ನಿಂತು ನಕ್ಕವರ ಹೆಸರು, ಮದುವೆಯಾದ ಹೊಸತರಲ್ಲಿ ತನ್ನ ಪಾಲಿಗೆ ಬಂದ ಹರಕು ಕೌದಿ, ಒಂದನ್ನೂ ಬಿಡಲಿಲ್ಲ. ಅಜ್ಜನವರು ತಲೆದೂಗುತ್ತ ಎಲ್ಲವನ್ನೂ ಕೇಳಿದರು. ಕೇಳಿ ಸಂಕೋಚದಿಂದೆಂಬಂತೆ ನುಡಿದರು:

"ಅವ್ವಾ, ಇವೆಲ್ಲಾ ತಂಗಳದಾವು. ನಮ್ಮ ಜೋಳಿಗ್ಯಾಗ ತಂಗಳ ನಡ್ಯಂಗಿಲ್ಲಲ್ಲ?"

ಅವಳ ದನಿ ಕುಗ್ಗಿತು. ಎದೆಯ ತಳದಲ್ಲಿ ಬಚ್ಚಿಟ್ಟಿದ್ದು ಹೊರಗೆ ಬಂತು. "ಆಕೀಗೆ ನಾನರೆ ಅದೀನ್ರಿ ಅಜ್ಜಾರ. ನಾಳಿ ನಾ ಹಿಂಗ ಬಿದ್ದೆ ಅಂದ್ರ? ಹೊಟ್ಟ್ಯಾಗ ಹುಟ್ಟಿದವರಿಲ್ಲ. ನನ್ನ ಬಾಯಾಗ ಗಂಜಿ ಹಾಕವರು ಯಾರ್ರೀ?" ಎಂದು ಬಿಕ್ಕಿದಳು.

ಈ ಮಾತಿಗೆ ಅಜ್ಜನವರ ಕಣ್ಣೂ ತುಂಬಿ ಬಂದವು. ಆದರೆ ಕಟ್ಟಳೆ ಕಟ್ಟಳೆಯೇ.

"ಅದು ನಾಳೀದವ್ವ. ನಾಳೀದು ಕಟಗೊಂಡು ಹೋಗೂದು ನಮಗ ರೂಢಿ ಇಲ್ಲ. ಇವತ್ತು ನಿನ್ನ ಒಲಿ ಮ್ಯಾಲ ಏನು ಬೆಂದೈತಿ, ಅದನ್ನ ಹಾಕು."

ಇವತ್ತಿನದು? ಅವಳು ಸುತ್ತ ನೋಡಿದಳು. ಇವತ್ತಿನದು ಅಂತ ಇದ್ದದ್ದು ಒಂದೇ: ಅತ್ತೆ ಉಗುಳಿದ ಮೇಲೆ ಗಡಿಗೆಯಲ್ಲಿ ಉಳಿದಿದ್ದ ಗಂಜಿ. "ತಗೋರಿ, ಇದ ನೋಡ್ರಿ ಇವತ್ತಿನ ನನ್ನ ದುಃಖ!" ಎಂದು ಸೌಟಿನಿಂದ ಎತ್ತಿ ಸೋರೆಬುರುಡೆಗೆ ಹಾಕಿದಳು. ಅಜ್ಜನವರು ಅಲ್ಲಿಯೇ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕುಳಿತು, ಕಣ್ಣುಮುಚ್ಚಿ ಶಿವನನ್ನು ನೆನೆದು, ಬುರುಡೆಯನ್ನು ಬಾಯಿಗೆತ್ತಿದರು.

ಭಕ್ತರೇ, ಮಹಾತ್ಮರ ಮುಖದ ವಿಷಯ ಹೀಗೆ ಬರೆಯಬಾರದು, ಆದರೂ ನಡೆದದ್ದನ್ನು ಬರೆಯದೆ ವಿಧಿಯಿಲ್ಲ. ಅಜ್ಜನವರ ಹುಬ್ಬು ಮೇಲೇರಿದವು. ಗಲ್ಲ ಒಳಗೆ ಹೋದವು. ತುಟಿಗಳೆರಡೂ ಹಣ್ಣಾಗದ ನೇರಳೆ ಕಚ್ಚಿದ ಕೂಸಿನ ತುಟಿಯಂತೆ ಗುಂಡಗಾದವು. ಆದರೂ ಉಗುಳಲಿಲ್ಲ. ಕಣ್ಣಲ್ಲಿ ನೀರು ತಂದುಕೊಂಡು, ಒಂದೊಂದೇ ಗುಟುಕು ನುಂಗಿ, ಬುರುಡೆ ಬರಿದು ಮಾಡಿದರು. ಬಳಿಕ ಆ ಗುಂಡು ತುಟಿಯಲ್ಲೇ ಕಷ್ಟಪಟ್ಟು ಅಪ್ಪಣೆ ಕೊಡಿಸಿದರು:

"ಅವ್ವಾ... ಮುದುಕೀದು... ತಪ್ಪಿಲ್ಲ."

ನೀಲಗಂಗವ್ವ ಗಾಬರಿಯಾಗಿ ಸೌಟಿಗೆ ನಾಲಿಗೆ ಹಚ್ಚಿದಳು. ಮರುಕ್ಷಣವೇ "ಫೂ!" ಎಂದು ಅಂಗಳಕ್ಕೆಲ್ಲ ಉಗುಳಿದಳು. ಅತ್ತೆ ಉಗುಳಿದ್ದಕ್ಕಿಂತ ದೂರ ಹೋಗಿ ಬಿತ್ತು. ಮಳೆಗಾಲದಲ್ಲಿ ಹೊಳೆಯ ನೀರು ಕದಡಿ ಕೆಂಪಗಾಗುತ್ತದೆ. ಅದನ್ನು ತಿಳಿಯಾಗಿಸಲು ಆ ಸೀಮೆಯವರು ಕೊಡದಲ್ಲಿ ತುರಟಿ ಹಾಕುತ್ತಾರೆ. ಬೇರೆ ಕಡೆ ಅದಕ್ಕೆ ಪಟಿಕ ಎನ್ನುತ್ತಾರೆ. ಅದನ್ನು ಪುಡಿ ಮಾಡಿ ಒಲೆಯ ಪಕ್ಕದಲ್ಲೇ ಉಪ್ಪಿನ ಕುಡಿಕೆಯ ಜೋಡಿ ಇಟ್ಟಿದ್ದಳು. ಅಳುವ ಕಣ್ಣಿಗೆ ಉಪ್ಪು ಯಾವುದು, ತುರಟಿ ಯಾವುದು ಕಂಡಿರಲಿಲ್ಲ. ಬಾಯಿದ್ದವರಾದರೆ ಬೈದು ಹೇಳುತ್ತಿದ್ದರು. ಮಾತು ಕಳೆದುಕೊಂಡ ಬಾಳವ್ವ ಉಗುಳದೆ ಮತ್ತೇನು ಮಾಡಿಯಾಳು?

ಅಷ್ಟರಲ್ಲಿ ಒಳಗಿನಿಂದ "ಹೆ ಹೆ ಹೆ" ಎಂದು ಒಡಕು ಸಪ್ಪಳ ಕೇಳಿತು. ಸೊಸೆ ಉಗುಳಿದ್ದನ್ನು ಮಂಚದಿಂದಲೇ ಕಂಡ ಮುದುಕಿ ನಗುತ್ತಿದ್ದಳು. ಲಕ್ವಾ ಹೊಡೆದ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು. ಅರ್ಧ ಮುಖಕ್ಕೆ ಮಾತ್ರ ನಗಲು ಬರುತ್ತಿತ್ತು, ಆ ಅರ್ಧ ಮುಖವೆಲ್ಲ ನಗುತ್ತಿತ್ತು. ನೀಲಗಂಗವ್ವನಿಗೂ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಅಳುತ್ತ ನಗುತ್ತ, ಮಂಚದ ಬಳಿ ಕುಸಿದು ಕುಳಿತಳು. ಬಾಳವ್ವ ತನ್ನ ಎಡಗೈಯನ್ನು ಮೆಲ್ಲಗೆ ಎತ್ತಿ, ಸೊಸೆಯ ಗಲ್ಲದ ಮೇಲೆ ಒಣಗಿದ್ದ ಗಂಜಿಯನ್ನು ಒರೆಸಿದಳು. ಆ ಕೈ ಅವಳನ್ನು ಹಾಗೆ ಮುಟ್ಟಿದ್ದು ಅದೇ ಮೊದಲು.

ಅಜ್ಜನವರು ಜೋಳಿಗೆ ಹೆಗಲಿಗೇರಿಸಿದರು. "ನಾಳೀದು ನಾಳಿ ಕೊಡವ್ವ. ನಾ ಬರತೀನಲ್ಲ" ಎಂದು ಹೇಳಿ ಹೊರಟರು.

ಘಟ್ಟದಲ್ಲಿ ದ್ಯಾಮಣ್ಣ ದೋಣಿ ಬಿಟ್ಟಿರಲಿಲ್ಲ. ಕಟ್ಟಿದ ಹಗ್ಗವನ್ನೇ ಬಿಚ್ಚುವುದು, ಅದನ್ನೇ ಕಟ್ಟುವುದು ಮಾಡುತ್ತಿದ್ದ. ಕುಳಿತ ಜನ ಬೈಯುತ್ತಿದ್ದರು. ನೀಲಗಂಗವ್ವ ಬರಿಗೈಯಲ್ಲಿ ದಂಡೆಗೆ ಬಂದು, "ಮಧ್ಯಾನ ಲಗೂನ ಬಾ. ಬಿಸಿ ಗಂಜಿ ಮಾಡೀನಿ. ಉಪ್ಪು ಹಾಕೀನಿ" ಎಂದಳು. ಉಪ್ಪಿನ ಮಾತು ಅವನಿಗೆ ಅರ್ಥವಾಗಲಿಲ್ಲ. ಗಂಟು ತಂದಿಲ್ಲ ಎಂಬುದು ಅರ್ಥವಾಯಿತು. ಅವನು ಮುಖ ಆಚೆ ತಿರುಗಿಸಿ ಜೋರಾಗಿ ಹುಟ್ಟು ಹಾಕಿದ. ಅಂದು ಸಂಜೆ ಆ ಮನೆಯ ದೇವರ ಜಗುಲಿಯ ಮೇಲೆ ದೀಪ ಉರಿಯಿತು.

ಅಜ್ಜನವರು ಮಾತು ತಪ್ಪಲಿಲ್ಲ. ಮರುದಿನವೂ ಬಂದರು, ಮುಂದೆಯೂ ಬಂದರು. ನೀಲಗಂಗವ್ವ ಆಯಾ ದಿನದ ಅಳಲನ್ನು ಆಯಾ ದಿನದ ಗಂಜಿಯೊಡನೆ ಕೊಟ್ಟಳು. ಕೊಡಲು ಅಳಲೇ ಇಲ್ಲದ ದಿನಗಳೂ ಬಂದವು. ಬಾಳವ್ವ ಸೊಸೆಯ ತೊಡೆಯ ಮೇಲೆ ತಲೆಯಿಟ್ಟು ಶಿವನ ಪಾದ ಸೇರಿದಳು.

ವರ್ಷಗಳು ಉರುಳಿ ಅಜ್ಜನವರೂ ಹಾಸಿಗೆ ಹಿಡಿದರು. ನೀಲಗಂಗವ್ವ ಗಂಜಿ ಕಾಸಿಕೊಂಡು ಮಠಕ್ಕೆ ಹೋದಳು. ಅಜ್ಜನವರು ಕಣ್ಣು ತೆರೆದು, ಬಟ್ಟಲು ನೋಡಿ, ಮೆಲುದನಿಯಲ್ಲಿ ಕೇಳಿದರು: "ತುರಟಿ ಹಾಕಿಯೇನವ್ವಾ?"

ಅವಳು ನಗಲು ಹೋಗಿ ಗೊಳೋ ಎಂದು ಅತ್ತಳು. "ನೀವು ಹೋದ ಮ್ಯಾಲ ನಾಳಿ ನನ್ನ ಬಾಗಲಿಗೆ ಯಾರು ಬರ್ತಾರ್ರೀ ಅಜ್ಜಾರ?"

"ಅದು ನಾಳೀದಲ್ಲೇನವ್ವಾ?" ಎಂದರು ಅಜ್ಜನವರು. ಗಂಜಿ ಕುಡಿದರು. ಅಂದೇ ಲಿಂಗೈಕ್ಯರಾದರು.

ಮರುದಿನ ಅವಳು ಎಂದಿನಂತೆ ಗಂಜಿ ಕಾಸಿ ಬಾಗಿಲಲ್ಲಿ ಕಾದಳು. ಯಾರೂ ಬರಲಿಲ್ಲ. ಆಗ ಗಡಿಗೆ ಎತ್ತಿಕೊಂಡು ತಾನೇ ಹೊರಟಳು. ಅಂದಿನಿಂದ ಹೊಳೆಬಾಗೂರಿನಲ್ಲಿ ಯಾರೇ ಹಾಸಿಗೆ ಹಿಡಿಯಲಿ, ನೀಲಗಂಗವ್ವ ಅವರ ಹೊಸ್ತಿಲಲ್ಲಿ ನಿಂತು, "ಇವತ್ತಿಂದು ಏನೈತಿ, ಕೊಡ್ರಿ" ಎನ್ನುತ್ತಿದ್ದಳು. ಮುಂದೆ ಅವಳೇ ಹಾಸಿಗೆ ಹಿಡಿದಾಗ ಗಂಜಿ ತಂದವರು ಎಷ್ಟು ಜನವೆಂದರೆ, ಅಂಗಳದಲ್ಲಿ ಗಡಿಗೆ ಇಡಲು ಜಾಗವಿರಲಿಲ್ಲ.